ಸರೌಂಡ್ ಸಂಗೀತಕ್ಕೆ ರೂಮ್ ಕರೆಕ್ಷನ್: ಲಕ್ಷಣ ನೋಡಿ ದೋಷ ಪತ್ತೆಹಚ್ಚುವ ಕೈಪಿಡಿ

ರಿಸೀವರ್ (ಎಲ್ಲ ಸ್ಪೀಕರುಗಳನ್ನೂ ನಡೆಸುವ ಆಂಪ್ಲಿಫೈಯರ್ ಪೆಟ್ಟಿಗೆ) ಜೊತೆಗೆ ಬಂದ ಪುಟ್ಟ ಮೈಕನ್ನು ಸೋಫಾದ ಬಳಿ ನಿಲ್ಲಿಸಿ, ಪ್ರತಿ ಸ್ಪೀಕರಿನಿಂದಲೂ ಹೊರಡುವ ‘ಊ...ಯ್’ ಎಂಬ ಸದ್ದನ್ನು ಹತ್ತು ನಿಮಿಷ ತಾಳ್ಮೆಯಿಂದ ಕೇಳಿಸಿಕೊಂಡು, ಕೊನೆಗೆ ಹಾಡು ಹಾಕಿದಾಗ ಅದು ಮೊದಲಿಗಿಂತ ಕೆಟ್ಟದಾಗಿ ಕೇಳಿಸಿದರೆ ಆಗುವ ಬೇಸರ ಅನುಭವಿಸಿದವರಿಗೇ ಗೊತ್ತು. ಆಗ ಕೆಲವರು ರೂಮ್ ಕರೆಕ್ಷನ್ ಅನ್ನು, ಅಂದರೆ ಕೋಣೆಯಿಂದ ಧ್ವನಿಗಾಗುವ ಏರುಪೇರನ್ನು ಮೈಕಿನಿಂದ ಅಳೆದು ಸರಿಪಡಿಸುವ ತಿದ್ದುಪಡಿಯನ್ನೇ, ಆಫ್ ಮಾಡಿ ಸುಮ್ಮನಾಗುತ್ತಾರೆ, ಕೆಲವರು ಬಾಸ್‌ಗೆಂದೇ ಇರುವ ಸ್ಪೀಕರನ್ನು, ಅಂದರೆ ಹೊಸ ಸಬ್‌ವೂಫರ್ ಹುಡುಕಲು ಹೊರಡುತ್ತಾರೆ. ಎರಡೂ ಅವಸರದ ನಿರ್ಧಾರಗಳು. ಆಡಿಸ್ಸಿ, ಡಿರಾಕ್ ಲೈವ್, ಯಮಾಹಾದ ವೈಪಾವೊ ಮುಂತಾದ ಸಿದ್ಧ ವ್ಯವಸ್ಥೆಗಳಾಗಲಿ, ಕಂಪ್ಯೂಟರಿನಲ್ಲಿ ನಾವೇ ತಯಾರಿಸಿಕೊಳ್ಳುವ ಫಿಲ್ಟರುಗಳಾಗಲಿ, ಮೈಕ್ ಏನು ಕೇಳಿತೋ ಅದನ್ನಷ್ಟೇ ನಂಬಿ ಲೆಕ್ಕ ಹಾಕುತ್ತವೆ. ಆದ್ದರಿಂದ ಲೆಕ್ಕವನ್ನು ಅನುಮಾನಿಸುವ ಮೊದಲು ಮೈಕ್ ಕೇಳಿದ್ದನ್ನು ಅನುಮಾನಿಸಬೇಕು. ಈ ಕೈಪಿಡಿ ಹಿಡಿದಿರುವ ಹಾದಿ ಅದೇ.

ಲಕ್ಷಣಗಳಿಗೆ ಹೋಗುವ ಮೊದಲು ಕೋಣೆ ಮಾಡುವ ಕಿತಾಪತಿಯನ್ನು ಒಂದು ಉದಾಹರಣೆಯಿಂದ ನೋಡೋಣ. 14 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಒಂದು ಹಾಲ್ ಇದೆ ಎಂದುಕೊಳ್ಳಿ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,130 ಅಡಿ. ಅದನ್ನು ಗೋಡೆಗಳ ನಡುವಿನ ಅಂತರದ ಎರಡರಷ್ಟರಿಂದ ಭಾಗಿಸಿದರೆ ಆ ದಿಕ್ಕಿನಲ್ಲಿ ಕೋಣೆ ತಾನಾಗಿಯೇ ಮೊಳಗುವ ಮೊದಲ ಕಂಪನಾಂಕ ಸಿಗುತ್ತದೆ. ನಮ್ಮ ಹಾಲಿನಲ್ಲಿ ಅದು ಉದ್ದಕ್ಕೆ ಸುಮಾರು 40 ಹರ್ಟ್ಜ್, ಅಗಲಕ್ಕೆ 47 ಹರ್ಟ್ಜ್, ಎತ್ತರಕ್ಕೆ 56 ಹರ್ಟ್ಜ್. ಈ ಸ್ವರಗಳು ಕೋಣೆಯ ಕೆಲವು ಜಾಗಗಳಲ್ಲಿ ಉಬ್ಬಿ ಕೇಳಿಸುತ್ತವೆ, ಕೆಲವು ಜಾಗಗಳಲ್ಲಿ ಬಹುತೇಕ ಅಳಿಸಿಹೋಗುತ್ತವೆ. ಇಟ್ಟಿಗೆ ಗೋಡೆ ಮತ್ತು ಕಾಂಕ್ರೀಟ್ ತಾರಸಿಯಿರುವ ನಮ್ಮ ಮನೆಗಳಲ್ಲಿ ಬಾಸ್ ಹೊರಗೆ ಸೋರಿಹೋಗುವುದು ಕಡಿಮೆಯಾದ್ದರಿಂದ ಈ ಏರುಪೇರು ಇನ್ನೂ ತೀವ್ರ. ಉಬ್ಬನ್ನು ತಗ್ಗಿಸುವುದು ತಿದ್ದುಪಡಿಗೆ ಸುಲಭ. ಹಳ್ಳವನ್ನು ತುಂಬುವುದು ಅದರ ಕೈಲಾಗದ ಕೆಲಸ. ಮುಂದೆ ಹೇಳುವ ಅರ್ಧಕ್ಕರ್ಧ ತೊಂದರೆಗಳ ಬೇರು ಈ ವ್ಯತ್ಯಾಸದಲ್ಲಿದೆ.

ಮೊದಲು ಎಚ್ಚರಿಕೆಯ ಮಾತುಗಳು

ಸ್ಪೀಕರ್ ತಂತಿಯನ್ನು ಮುಟ್ಟುವ ಮೊದಲು ರಿಸೀವರನ್ನು ಆಫ್ ಮಾಡುವುದಷ್ಟೇ ಸಾಲದು, ಪ್ಲಗ್ಗನ್ನೇ ಕೀಳಬೇಕು. ತಂತಿಯ ಒಂದೆರಡು ಎಳೆಗಳು ಪಕ್ಕದ ಟರ್ಮಿನಲ್ಲಿಗೆ ತಾಗಿದರೂ ಆಂಪ್ಲಿಫೈಯರ್ ಸುಡಬಹುದು. ಅಳತೆಯ ಸ್ವೀಪನ್ನು, ಅಂದರೆ ಮಂದ್ರದಿಂದ ತಾರಕ್ಕೆ ಏರುವ ಆ ‘ಊ...ಯ್’ ಸದ್ದನ್ನು, ಕಂಪ್ಯೂಟರಿನಿಂದ ನುಡಿಸುವವರು ವಾಲ್ಯೂಮನ್ನು ಕೆಳಮಟ್ಟದಲ್ಲಿಟ್ಟು ಆರಂಭಿಸಿ, ಕೇಳುವ ಜಾಗದಲ್ಲಿ ಸುಮಾರು 75 ಡೆಸಿಬೆಲ್ ಮುಟ್ಟುವವರೆಗೆ ಮಾತ್ರ ಏರಿಸಬೇಕು, ಏಕೆಂದರೆ ಜೋರಾದ ಸ್ವೀಪನ್ನು ಪದೇ ಪದೇ ಹರಿಸಿದರೆ ತಾರಸ್ವರ ನುಡಿಸುವ ಟ್ವೀಟರಿನ ಸುರುಳಿ ಕಾದು ಸುಟ್ಟುಹೋಗಬಹುದು. ಸುಟ್ಟ ವಾಸನೆ ಬಂದರೆ ಅಥವಾ ಅಳತೆಯ ನಂತರ ಕಿವಿಯಲ್ಲಿ ಗುಂಯ್ಗುಡುವಿಕೆ ಉಳಿದರೆ ಆ ದಿನದ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ. ರಿಸೀವರ್ ಅಥವಾ ಸಬ್‌ವೂಫರಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬೇಡಿ. ಒಳಗಿನ ಕೆಪಾಸಿಟರುಗಳು ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ.

ಲಕ್ಷಣ: ಅಳತೆ ಅರ್ಧಕ್ಕೇ ನಿಲ್ಲುತ್ತದೆ ಅಥವಾ ದೋಷದ ಸಂದೇಶ ಬರುತ್ತದೆ

‘ಹಿನ್ನೆಲೆ ಸದ್ದು ಹೆಚ್ಚಾಗಿದೆ’ ಎಂಬ ಸಂದೇಶವೇ ಎಲ್ಲಕ್ಕಿಂತ ಸಾಮಾನ್ಯ, ಅದರ ಪರಿಹಾರಕ್ಕೆ ಖರ್ಚೂ ಇಲ್ಲ. ಸೀಲಿಂಗ್ ಫ್ಯಾನ್, ಎಸಿ, ಫ್ರಿಜ್, ಯುಪಿಎಸ್‌ನ ಗುಂಯ್ ಸದ್ದು, ಅಡುಗೆಮನೆಯ ಕುಕ್ಕರ್ ಎಲ್ಲವೂ ಮೈಕಿಗೆ ಕೇಳಿಸುತ್ತವೆ. ಫ್ಯಾನಿನಿಂದ ಇನ್ನೊಂದು ಕಾಟವಿದೆ: ಅದರ ಗಾಳಿ ಮೈಕಿನ ಮೇಲೆ ಬೀಸಿದಾಗ ಹುಟ್ಟುವ ಮಂದ್ರದ ಸದ್ದು ಅಳತೆಯನ್ನು ನಿಲ್ಲಿಸುವಷ್ಟು ಜೋರಾಗಿರದೆ, ಆದರೆ ಬಾಸ್‌ನ ಲೆಕ್ಕವನ್ನು ಕೆಡಿಸುವಷ್ಟು ಇರಬಹುದು. ಮಧ್ಯಾಹ್ನ ಎರಡು ಗಂಟೆಗಿಂತ ಬೆಳಗಿನ ಐದು ಗಂಟೆ ಅಳತೆಗೆ ಒಳ್ಳೆಯ ಹೊತ್ತು, ನೆರೆಮನೆಯವರ ಒಪ್ಪಿಗೆಯಿದ್ದರೆ.

‘ಸ್ಪೀಕರ್ ಇಲ್ಲ’ ಎಂದು ಬಂದರೆ ತಂತಿಯ ಎರಡೂ ತುದಿಗಳನ್ನು ಎಳೆದು ನೋಡಿ. ಸಬ್‌ವೂಫರ್ ಸಿಗಲಿಲ್ಲವೆಂದರೆ ಅದು ಆಟೋ ಸ್ಟ್ಯಾಂಡ್‌ಬೈಯಲ್ಲಿ ನಿದ್ದೆ ಹೋಗಿರುವ ಸಾಧ್ಯತೆಯೇ ಹೆಚ್ಚು. ಅಳತೆಯ ಹೊತ್ತಿಗೆ ಆ ಸ್ವಿಚ್ಚನ್ನು ಸದಾ ‘ಆನ್’ ಸ್ಥಾನದಲ್ಲಿಡಬೇಕು.

ಯಾವುದೋ ಒಂದು ಸ್ಪೀಕರಿನ ‘ಫೇಸ್’, ಅಂದರೆ ಪ್ಲಸ್-ಮೈನಸ್ ದಿಕ್ಕು, ತಪ್ಪಿದೆ ಎಂಬ ಸಂದೇಶಕ್ಕೆ ಗಾಬರಿಯಾಗಬೇಕಿಲ್ಲ. ಕೆಂಪು ಟರ್ಮಿನಲ್ಲಿನಿಂದ ಹೊರಟ ತಂತಿ ಕೆಂಪಿಗೇ ಹೋಗಿದೆಯೇ ಎಂದು ಕಣ್ಣಾರೆ ನೋಡಿ. ತಂತಿ ಗೋಡೆಯೊಳಗೆ ಹೋಗಿದ್ದು ಗುರುತು ಸಿಗದಿದ್ದರೆ ಹಳೆಯ ಉಪಾಯವೊಂದಿದೆ. ರಿಸೀವರಿನ ಕಡೆಯ ತುದಿಗಳನ್ನು ಪೂರ್ತಿ ಬಿಚ್ಚಿ, 1.5 ವೋಲ್ಟಿನ ಪೆನ್‌ಟಾರ್ಚ್ ಸೆಲ್ಲಿಗೆ ಒಂದು ಕ್ಷಣ ಮಾತ್ರ ತಾಗಿಸಬೇಕು. ಸೆಲ್ಲಿನ ಪ್ಲಸ್ ತುದಿ ಸ್ಪೀಕರಿನ ಪ್ಲಸ್‌ಗೆ ಸೇರಿದ್ದರೆ ವೂಫರಿನ ಕೋನ್ ಮುಂದಕ್ಕೆ ಜಿಗಿಯುತ್ತದೆ. ವಿದ್ಯುತ್ ಪ್ಲಗ್ ಇರುವ ಸ್ಪೀಕರ್ ಅಥವಾ ಸಬ್‌ವೂಫರಿಗೆ ಈ ಪರೀಕ್ಷೆ ಸಲ್ಲದು. ತಂತಿ ಸರಿಯಿದ್ದೂ ಸಂದೇಶ ಮತ್ತೆ ಬಂದರೆ ಅದನ್ನು ದಾಟಿಕೊಂಡು ಮುಂದುವರಿಯಬಹುದು. ಸ್ಪೀಕರಿನ ಒಳಗೆ ಮಂದ್ರ-ತಾರಗಳನ್ನು ಬೇರ್ಪಡಿಸಿ ಹಂಚುವ ಕ್ರಾಸ್‌ಓವರ್‌ನ ವಿನ್ಯಾಸವೋ, ಹತ್ತಿರದ ಗೋಡೆಯ ಪ್ರತಿಫಲನವೋ ಯಂತ್ರವನ್ನು ದಾರಿ ತಪ್ಪಿಸುವುದುಂಟು.

ಲಕ್ಷಣ: ತಿದ್ದುಪಡಿ ಆನ್ ಇದ್ದರೂ ಆಫ್ ಇದ್ದರೂ ಒಂದೇ ರೀತಿ ಕೇಳಿಸುತ್ತದೆ

ಸಿನಿಮಾ ನೋಡುವವರಿಗಿಂತ ಸಂಗೀತ ಕೇಳುವವರಿಗೆ ಈ ದೋಷ ಹೆಚ್ಚು ಕಾಡುತ್ತದೆ. ಶುದ್ಧ ಧ್ವನಿ ಬೇಕೆಂಬ ಆಸೆಯಿಂದ ನಾವೇ ಒತ್ತಿದ ‘ಡೈರೆಕ್ಟ್’ ಅಥವಾ ‘ಪ್ಯೂರ್ ಡೈರೆಕ್ಟ್’ ಗುಂಡಿ ಹೆಚ್ಚಿನ ರಿಸೀವರುಗಳಲ್ಲಿ ತಿದ್ದುಪಡಿಯನ್ನು ಬದಿಗೆ ಸರಿಸುತ್ತದೆ. ಮೊದಲು ಅದನ್ನು ನೋಡಿ.

ಎರಡನೆಯದು ಎಸ್‌ಎಸಿಡಿ (ಸೂಪರ್ ಆಡಿಯೊ ಸಿಡಿ). ಈ ತಟ್ಟೆಗಳಲ್ಲಿ ಸಂಗೀತವು ಡಿಎಸ್‌ಡಿ ಎಂಬ ಒಂದು ಬಿಟ್‌ನ, ಸೆಕೆಂಡಿಗೆ 28 ಲಕ್ಷಕ್ಕೂ ಮೀರಿದ ಮಾದರಿಗಳ ಹರಿವಾಗಿರುತ್ತದೆ. ತಿದ್ದುಪಡಿಯ ಗುಣಾಕಾರ, ಸಂಕಲನಗಳನ್ನು ಆ ರೂಪದಲ್ಲಿ ನೇರವಾಗಿ ಮಾಡಲಾಗದ ಕಾರಣ ಮೊದಲು ಅದನ್ನು ಪಿಸಿಎಂಗೆ, ಅಂದರೆ ಮಾಮೂಲಿ ಸಿಡಿಯಲ್ಲಿರುವಂಥ ಸಂಖ್ಯೆಗಳ ರೂಪಕ್ಕೆ, ಬದಲಾಯಿಸಬೇಕು. ಕೆಲವು ಉಪಕರಣಗಳು ತಾವೇ ಬದಲಾಯಿಸಿಕೊಳ್ಳುತ್ತವೆ. ಕೆಲವು ಡಿಎಸ್‌ಡಿಯನ್ನು ಹಾಗೆಯೇ ಹಾಯಲು ಬಿಟ್ಟು, ತಿದ್ದುಪಡಿ ಆನ್ ಇದೆ ಎಂದೇ ಪರದೆಯ ಮೇಲೆ ತೋರಿಸುತ್ತವೆ. ಪ್ಲೇಯರಿನ ಎಚ್‌ಡಿಎಂಐ ಔಟ್‌ಪುಟ್ಟನ್ನು ಪಿಸಿಎಂಗೆ ಬದಲಿಸಿದರೆ ವಿಷಯ ಅಲ್ಲಿಗೇ ಇತ್ಯರ್ಥವಾಗುತ್ತದೆ. ಪಿಸಿಎಂ ಎಂದರೆ ಮೂಲಧ್ವನಿಗೆ ಅಪಚಾರ ಎನ್ನುವವರಿದ್ದಾರೆ. ಮೇಲೆ ಹೇಳಿದಂಥ ಕೋಣೆಯಲ್ಲಿ 40 ಹರ್ಟ್ಜ್‌ನ ಉಬ್ಬು ಮಾಡುತ್ತಿರುವ ಅಪಚಾರ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ಮೂರನೆಯದು ಹಳೆಯ ಪ್ಲೇಯರುಗಳ ಆರು ಅನಲಾಗ್ ತಂತಿಗಳ ಜೋಡಣೆ. ಬಹುವಾಹಿನಿ ಅನಲಾಗ್ ಇನ್‌ಪುಟ್ಟಿಗೆ ಬಂದ ಸಂಕೇತವನ್ನು ಹಲವು ರಿಸೀವರುಗಳು ಡಿಜಿಟಲ್‌ಗೆ ತಿರುಗಿಸುವುದೇ ಇಲ್ಲ. ಅಲ್ಲಿ ತಿದ್ದುಪಡಿ ಮಾತ್ರವಲ್ಲ, ಸಣ್ಣ ಸ್ಪೀಕರುಗಳ ಬಾಸನ್ನು ಸಬ್‌ವೂಫರಿಗೆ ಸಾಗಿಸುವ ಏರ್ಪಾಡೂ ತಪ್ಪಿಹೋಗುತ್ತದೆ. ಕಂಪ್ಯೂಟರಿನಲ್ಲಿ ಫಿಲ್ಟರ್ ಹಾಕಿಕೊಂಡವರು, ಡಾಲ್ಬಿ ಅಥವಾ ಡಿಟಿಎಸ್ ಸಂಕೇತ ಬಿಚ್ಚಿಕೊಳ್ಳದೆ ‘ಬಿಟ್‌ಸ್ಟ್ರೀಮ್’ ಆಗಿ ಹೊರಗೆ ಹೋಗುತ್ತಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಕಟ್ಟಿದ ಮೂಟೆಯೊಳಗಿನ ಧ್ವನಿಯನ್ನು ಯಾವ ಫಿಲ್ಟರೂ ತಿದ್ದಲಾರದು.

ಲಕ್ಷಣ: ಅಳತೆಯ ನಂತರ ಬಾಸ್ ಮಾಯವಾಗಿದೆ

ಇದರ ಬಗ್ಗೆ ಸ್ವಲ್ಪ ದೀರ್ಘವಾಗಿಯೇ ಹೇಳಬೇಕು, ಏಕೆಂದರೆ ಇಲ್ಲಿ ನಿಜವಾದ ದೋಷವೂ ಕಿವಿಯ ಅಭ್ಯಾಸವೂ ಬೆರೆತಿರುತ್ತವೆ. ವರ್ಷಗಟ್ಟಲೆ 40 ಹರ್ಟ್ಜ್‌ನಲ್ಲಿ ಹತ್ತು ಡೆಸಿಬೆಲ್‌ನ ಉಬ್ಬನ್ನು ಕೇಳಿ ಒಗ್ಗಿಕೊಂಡ ಕಿವಿಗೆ ಅದು ಹೋದ ದಿನ ಸಂಗೀತ ಬಡವಾದಂತೆ ತೋರುವುದು ಸಹಜ. ಪರೀಕ್ಷಿಸಲು ಮೃದಂಗದ ತನಿಯಾವರ್ತನ ಇರುವ ಧ್ವನಿಮುದ್ರಣವೊಂದನ್ನು ಹಾಕಿ. ಎಡಮುಖದ ಪೆಟ್ಟುಗಳು ಒಂದೊಂದೂ ಬಿಡಿಬಿಡಿಯಾಗಿ, ಗುಮಕಿಯ ಏರಿಳಿತದೊಂದಿಗೆ ಕೇಳಿಸಿದರೆ ಬಾಸ್ ಹೋಗಿಲ್ಲ, ಕೋಣೆಯ ಗುಂಗು ಹೋಗಿದೆ ಎಂದರ್ಥ. ಒಂದು ವಾರ ಹಾಗೆಯೇ ಕೇಳಿ. ಪೆಟ್ಟುಗಳೇ ತೆಳುವಾಗಿ, ಬಲಮುಖದ ನಾದಕ್ಕೆ ಕೆಳಗಿನ ಆಸರೆಯೇ ಇಲ್ಲದಂತಿದ್ದರೆ ಮುಂದೆ ಹುಡುಕಬೇಕು.

ಮೊದಲು ಸಬ್‌ವೂಫರಿನ ಹಿಂಭಾಗ ನೋಡಿ. ಅಲ್ಲಿರುವ ಕ್ರಾಸ್‌ಓವರ್ ತಿರುಪನ್ನು ಅತಿ ಹೆಚ್ಚಿನ ಕಂಪನಾಂಕಕ್ಕೆ ತಿರುಗಿಸಿರಬೇಕು ಅಥವಾ ‘ಎಲ್‌ಎಫ್‌ಇ’ (ಮಂದ್ರಕ್ಕೆಂದೇ ಇರುವ ವಾಹಿನಿ) ಎಂಬ ಇನ್‌ಪುಟ್ ಬಳಸಿರಬೇಕು. ಅದನ್ನು 60ಕ್ಕೆ ಇಟ್ಟು, ರಿಸೀವರಿನಲ್ಲಿ ಕ್ರಾಸ್‌ಓವರ್ 80 ಎಂದು ಕೊಟ್ಟರೆ ನಡುವಿನ 20 ಹರ್ಟ್ಜ್ ಇಬ್ಬರಿಗೂ ಬೇಡವಾದ ಕೂಸಾಗುತ್ತದೆ. ನಂತರ ರಿಸೀವರ್ ಲೆಕ್ಕ ಹಾಕಿದ ಸಬ್‌ವೂಫರ್ ಮಟ್ಟವನ್ನು ನೋಡಿ. ಅದು ಹೊಂದಾಣಿಕೆಯ ತಳ ಮುಟ್ಟಿ, ಉದಾಹರಣೆಗೆ ಮೈನಸ್ 12 ಎಂದು, ನಿಂತಿದ್ದರೆ ಸಬ್‌ವೂಫರಿನ ವಾಲ್ಯೂಮ್ ವಿಪರೀತ ಹೆಚ್ಚಿತ್ತು, ಯಂತ್ರಕ್ಕೆ ಅದಕ್ಕಿಂತ ಕೆಳಗಿಳಿಸಲು ಆಗಲಿಲ್ಲ ಎಂದರ್ಥ. ತಿರುಪನ್ನು ಇಳಿಸಿ ಮತ್ತೆ ಅಳೆಯಿರಿ.

ಸಬ್‌ವೂಫರ್ 3 ಮೀಟರ್ ದೂರದಲ್ಲಿದ್ದರೂ ಯಂತ್ರ 4.5 ಮೀಟರ್ ಎಂದು ತೋರಿಸಿದರೆ ಅದನ್ನು ತಪ್ಪೆಂದು ಟೇಪ್ ಹಿಡಿದು ತಿದ್ದಲು ಹೋಗಬೇಡಿ. ಸಬ್‌ವೂಫರಿನ ಒಳಗಿನ ಫಿಲ್ಟರ್ ಮತ್ತು ಡಿಜಿಟಲ್ ಮಂಡಲ ಧ್ವನಿಯನ್ನು ಕೆಲವು ಮಿಲಿಸೆಕೆಂಡು ತಡಮಾಡುತ್ತವೆ, ಒಂದು ಮಿಲಿಸೆಕೆಂಡಿನಲ್ಲಿ ಶಬ್ದ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ, ಹಾಗಾಗಿ ಆ ತಡವನ್ನೇ ಯಂತ್ರ ದೂರವೆಂದು ಬರೆದುಕೊಂಡಿರುತ್ತದೆ. ಅದನ್ನು ‘ಸರಿಪಡಿಸಿದ’ ಕ್ಷಣ ಸಬ್‌ವೂಫರ್ ಮತ್ತು ಮುಂದಿನ ಸ್ಪೀಕರುಗಳು 80 ಹರ್ಟ್ಜ್ ಆಸುಪಾಸಿನಲ್ಲಿ ಒಂದನ್ನೊಂದು ಅಳಿಸತೊಡಗಬಹುದು.

ಇಷ್ಟಾದರೂ ಬಾಸ್ ಬಾರದಿದ್ದರೆ ನೀವು ಕೂತಿರುವುದೇ ಹಳ್ಳದಲ್ಲಿ. 40 ಹರ್ಟ್ಜ್‌ನ ಸ್ವರವೊಂದನ್ನು ಸಣ್ಣ ವಾಲ್ಯೂಮಿನಲ್ಲಿ ನುಡಿಸಿ ಕೋಣೆಯ ಉದ್ದಕ್ಕೂ ನಡೆದಾಡಿ; ಗೋಡೆಯ ಬಳಿ ಮೊಳಗುವ ಅದೇ ಸ್ವರ ನಟ್ಟನಡುವೆ ಮಾಯವಾಗುವುದನ್ನು ಮೊದಲ ಸಲ ಕೇಳಿದವರು ಬೆರಗಾಗುತ್ತಾರೆ. ಆ ಜಾಗದಲ್ಲಿ ನೇರ ಅಲೆ ಮತ್ತು ಗೋಡೆಯಿಂದ ಮರಳಿದ ಅಲೆ ಪರಸ್ಪರ ಅಳಿಸಿಕೊಳ್ಳುತ್ತಿವೆ. ಸಬ್‌ವೂಫರಿಗೆ ಹೆಚ್ಚು ಶಕ್ತಿ ಕೊಟ್ಟರೆ ಎರಡೂ ಅಲೆಗಳು ಸಮವಾಗಿ ದೊಡ್ಡದಾಗುತ್ತವೆ, ಅಳಿಸಾಟ ಹಾಗೆಯೇ ಉಳಿಯುತ್ತದೆ. 6 ಡೆಸಿಬೆಲ್ ಏರಿಸಲು ನಾಲ್ಕು ಪಟ್ಟು, 10 ಡೆಸಿಬೆಲ್‌ಗೆ ಹತ್ತು ಪಟ್ಟು ಶಕ್ತಿ ಬೇಕೆಂಬುದನ್ನು ನೆನೆದರೆ, 50 ವ್ಯಾಟ್‌ನಲ್ಲಿ ಸಾಗುತ್ತಿದ್ದ ಕೆಲಸಕ್ಕೆ 500 ವ್ಯಾಟ್ ಸುರಿದೂ ಫಲವಿಲ್ಲದ ಸ್ಥಿತಿ ಅದು. ಕುರ್ಚಿಯನ್ನು ಒಂದರಿಂದ ಎರಡು ಅಡಿ ಸರಿಸುವುದು ಇದಕ್ಕೆ ಪರಿಹಾರ. ಆಗದಿದ್ದರೆ ಸಬ್‌ವೂಫರನ್ನು ಸರಿಸಿ: ಅದನ್ನು ತಾತ್ಕಾಲಿಕವಾಗಿ ನೀವು ಕೂರುವ ಜಾಗದಲ್ಲೇ ಇಟ್ಟು, ಬಾಸ್ ಇರುವ ಹಾಡನ್ನು ಹಾಕಿ, ಗೋಡೆಯಂಚಿನಲ್ಲಿ ಅಂಬೆಗಾಲಿಡುತ್ತಾ ಎಲ್ಲಿ ಬಾಸ್ ಸಮನಾಗಿ ಕೇಳಿಸುತ್ತದೋ ಅಲ್ಲಿ ಸಬ್‌ವೂಫರನ್ನು ನೆಲೆಗೊಳಿಸಿ. ಮನೆಯವರು ನಗುತ್ತಾರೆ, ಉಪಾಯ ಮಾತ್ರ ಕೆಲಸ ಮಾಡುತ್ತದೆ.

ಲಕ್ಷಣ: ಬಾಸ್ ಗುಂಯ್ಗುಡುತ್ತಾ ಎಳೆಯುತ್ತದೆ

ಸೋಫಾ ಹಿಂಗೋಡೆಗೆ ಅಂಟಿಕೊಂಡಿದೆಯೇ ನೋಡಿ. ಗೋಡೆಯ ಬಳಿ ಎಲ್ಲ ಮಂದ್ರಸ್ವರಗಳೂ ಉಬ್ಬುತ್ತವೆ. ಒಂದೂವರೆ ಅಡಿ ಮುಂದೆ ಎಳೆದರೂ ವ್ಯತ್ಯಾಸ ತಿಳಿಯುತ್ತದೆ. ಸಬ್‌ವೂಫರ್ ಮೂಲೆಯಲ್ಲಿದ್ದರೆ ಅದು ಕೋಣೆಯ ಎಲ್ಲ ಮೊಳಗುಗಳನ್ನೂ ಒಟ್ಟಿಗೆ ಎಬ್ಬಿಸುತ್ತದೆ. ಮುಂದಿನ ಸ್ಪೀಕರುಗಳನ್ನು ‘ಲಾರ್ಜ್’ (ಪೂರ್ತಿ ಬಾಸನ್ನು ತಾವೇ ನುಡಿಸುವಂಥವು) ಎಂದಿಟ್ಟು ಅದರ ಜೊತೆಗೆ ಸಬ್‌ವೂಫರಿಗೂ ಅದೇ ಬಾಸನ್ನು ಕಳುಹಿಸುವ ‘ಎಲ್‌ಎಫ್‌ಇ ಪ್ಲಸ್ ಮೇನ್’ ಆಯ್ಕೆ ಇದ್ದರೆ ತೆಗೆದುಹಾಕಿ, ಏಕೆಂದರೆ ಒಂದೇ ಸ್ವರ ಎರಡು ಮೂರು ಕಡೆಯಿಂದ ಬಂದು ಗೋಜಲಾಗುತ್ತದೆ. ಸಂಗೀತಕ್ಕೂ ‘ಸ್ಮಾಲ್’ ಮತ್ತು 80 ಹರ್ಟ್ಜ್ (ಅದರ ಕೆಳಗಿನದೆಲ್ಲ ಸಬ್‌ವೂಫರಿಗೆ) ಎಂಬುದೇ ಹೆಚ್ಚಿನ ಮನೆಗಳಿಗೆ ಸರಿಯಾದ ಆರಂಭ.

ದಪ್ಪ ಪರದೆ ಕಟ್ಟಿಸಿದರೆ ಗುಂಯ್ ಕಡಿಮೆಯಾದೀತೆಂಬ ನಂಬಿಕೆ ವ್ಯಾಪಕವಾಗಿದೆ. ಬಟ್ಟೆ ನುಂಗುವುದು ತಾರಸ್ವರಗಳನ್ನು ಮಾತ್ರ. 50 ಹರ್ಟ್ಜ್‌ನ ಅಲೆಯ ಉದ್ದ ಸುಮಾರು 7 ಮೀಟರ್, ಅದಕ್ಕೆ ಪರದೆ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಪರಿಣಾಮವಾಗಿ ಕೋಣೆ ಇನ್ನಷ್ಟು ಮಂಕಾಗಿ, ಬಾಸ್ ಇನ್ನಷ್ಟು ಎದ್ದು ಕಾಣುತ್ತದೆ.

ಕಂಪ್ಯೂಟರಿನ ಫಿಲ್ಟರುಗಳಲ್ಲಿ ಮಾತ್ರ ಬರುವ ಒಂದು ವಿಚಿತ್ರ ದೋಷವಿದೆ: ಕೆಲವು ಹಾಡುಗಳಿಗೆ ಬಾಸ್ ಸರಿಯಾಗಿರುತ್ತದೆ, ಕೆಲವಕ್ಕೆ ಪೂರ್ತಿ ಕೆಟ್ಟಿರುತ್ತದೆ. ಇದು ಮಾದರಿ ದರದ, ಅಂದರೆ ಸೆಕೆಂಡಿಗೆ ಎಷ್ಟು ಮಾದರಿಗಳೆಂಬ ಲೆಕ್ಕದ, ತಪ್ಪು. 44,100 ದರಕ್ಕೆ ತಯಾರಿಸಿದ ಫಿಲ್ಟರ್ ಕಡತವನ್ನು 96,000 ದರದ ಸಂಗೀತಕ್ಕೆ ಹಾಗೆಯೇ ಹಚ್ಚಿದರೆ 40 ಹರ್ಟ್ಜ್‌ನ ತಿದ್ದುಪಡಿ 87 ಹರ್ಟ್ಜ್‌ಗೆ ಹೋಗಿ ಕೂರುತ್ತದೆ. ಅಂದರೆ ರೋಗ ಒಂದು ಕಾಲಿಗೆ, ಪಟ್ಟಿ ಇನ್ನೊಂದು ಕಾಲಿಗೆ. ಪ್ರತಿ ದರಕ್ಕೂ ಪ್ರತ್ಯೇಕ ಫಿಲ್ಟರ್ ತಯಾರಿಸಿ, ಇಲ್ಲವೆ ಎಲ್ಲವನ್ನೂ ಒಂದೇ ದರಕ್ಕೆ ತಂದು ನುಡಿಸಿ.

ಲಕ್ಷಣ: ಧ್ವನಿ ಕಿವಿಗೆ ಚುಚ್ಚುತ್ತದೆ ಅಥವಾ ಮಂಕಾಗಿದೆ

ತಂಬೂರಿಯ ಝೇಂಕಾರ ಇದಕ್ಕೆ ಅತ್ಯುತ್ತಮ ಒರೆಗಲ್ಲು. ಅದು ತಂತಿಯ ತುದಿಯಲ್ಲಿ ಮರಳು ಉಜ್ಜಿದಂತೆ ಕೇಳಿಸಿದರೆ ತಾರಸ್ವರ ಹೆಚ್ಚಾಗಿದೆ. ಝೇಂಕಾರವೇ ಇಲ್ಲದೆ ಬರೀ ಹಮ್ಮಿದಂತೆ ಕೇಳಿಸಿದರೆ ಕಡಿಮೆಯಾಗಿದೆ.

ಮೊದಲು ಮೈಕನ್ನು ಇಟ್ಟ ರೀತಿಯನ್ನು ನೆನಪಿಸಿಕೊಳ್ಳಿ. ಮೈಕ್ ಕಿವಿಯ ಎತ್ತರದಲ್ಲಿ, ಸ್ಟ್ಯಾಂಡಿನ ಮೇಲೆ ಇರಬೇಕು. ಕೈಯಲ್ಲಿ ಹಿಡಿಯಬಾರದು, ಸೋಫಾದ ಒರಗಿಗೆ ತಾಗಿಸಿಯೂ ಇಡಬಾರದು. ರೆಕ್ಸಿನ್ ಅಥವಾ ಚರ್ಮದ ಒರಗು ಕಿವಿಗಿಂತ ಎತ್ತರವಿದ್ದರೆ ಅದರಿಂದ ಮರಳಿದ ಶಬ್ದವೂ ಲೆಕ್ಕಕ್ಕೆ ಸೇರುತ್ತದೆ, ಆದ್ದರಿಂದ ಅಳತೆಯ ಹೊತ್ತಿಗೆ ದಪ್ಪ ಕಂಬಳಿ ಹೊದಿಸುವುದು ಒಳ್ಳೆಯದು. ಒಂದು ರಿಸೀವರಿನ ಮೈಕನ್ನು ಇನ್ನೊಂದು ತಯಾರಿಕೆಯ ರಿಸೀವರಿಗೆ ಚುಚ್ಚುವುದು ಸಲ್ಲದು. ಜ್ಯಾಕ್ ಒಂದೇ ಆದರೂ ಮೈಕಿನ ಸ್ವಭಾವ ಬೇರೆ. ಯುಎಸ್‌ಬಿ ಅಳತೆ ಮೈಕ್ ಕೊಂಡವರು ಅದರ ಕ್ರಮಸಂಖ್ಯೆಗೆ ಸೇರಿದ, ಆ ಮೈಕಿನದೇ ಏರುಪೇರು ದಾಖಲಾದ ಮಾಪನಾಂಕ ಕಡತವನ್ನು ತಂತ್ರಾಂಶಕ್ಕೆ ಕೊಟ್ಟಿದ್ದಾರೆಯೇ, ಮೈಕ್ ಸ್ಪೀಕರಿನತ್ತ ಮುಖಮಾಡಿದ್ದರೆ ಶೂನ್ಯ ಡಿಗ್ರಿಯ ಕಡತ, ಸೂರಿನತ್ತ ನಿಂತಿದ್ದರೆ 90 ಡಿಗ್ರಿಯ ಕಡತ ಬಳಸಿದ್ದಾರೆಯೇ ಎಂದು ನೋಡಬೇಕು. ಇವೆರಡು ಅದಲುಬದಲಾದರೆ ತಾರಸ್ವರದಲ್ಲಿ ಕೆಲವು ಡೆಸಿಬೆಲ್‌ಗಳ ತಪ್ಪು ಖಂಡಿತ.

ಮೈಕ್ ಸರಿಯಿದ್ದರೆ ಗುರಿಯ ಗೆರೆಯನ್ನು, ಅಂದರೆ ಯಾವ ಸ್ವರ ಎಷ್ಟು ಜೋರಾಗಿರಬೇಕೆಂದು ತಿದ್ದುಪಡಿಗೆ ಹೇಳುವ ನಕ್ಷೆಯನ್ನು, ನೋಡಿ. ಕೇಳುವ ಜಾಗದಲ್ಲಿ ಅಳತೆ ಪೂರ್ತಿ ಸಪಾಟಾಗಿರಬೇಕೆಂಬ ಗುರಿ ಕೊಟ್ಟರೆ ಸಂಗೀತ ಬಹುತೇಕ ಯಾವಾಗಲೂ ತೀಕ್ಷ್ಣವಾಗಿ ಕೇಳಿಸುತ್ತದೆ. ಒಳ್ಳೆಯ ಸ್ಪೀಕರ್ ಸಾಮಾನ್ಯ ಕೋಣೆಯಲ್ಲಿ ತಾನಾಗಿಯೇ ಬಾಸ್‌ನಿಂದ ತಾರದ ಕಡೆಗೆ ಮೆಲ್ಲಗೆ ಇಳಿಯುವ ಗೆರೆಯನ್ನು ಕೊಡುತ್ತದೆ. ಗುರಿಯೂ ಹಾಗೆಯೇ ಇರಬೇಕು. ಇದಕ್ಕಿಂತ ಸರಳವಾದ ದಾರಿಯೆಂದರೆ ತಿದ್ದುಪಡಿಯನ್ನು 300ರಿಂದ 500 ಹರ್ಟ್ಜ್‌ನ ಕೆಳಗಷ್ಟೇ ಸೀಮಿತಗೊಳಿಸುವುದು. ಮೇಲೆ ಹೇಳಿದ ಅಳತೆಯ ಹಾಲಿನಲ್ಲಿ ಸುಮಾರು 200 ಹರ್ಟ್ಜ್‌ನ ಕೆಳಗೆ ಕೋಣೆಯ ದರ್ಬಾರು, ಅದರ ಮೇಲೆ ಹೆಚ್ಚಾಗಿ ಸ್ಪೀಕರಿನದೇ ಸ್ವಭಾವ. ಸ್ಪೀಕರ್ ಚೆನ್ನಾಗಿದ್ದರೆ ಅದರ ಪಾಡಿಗೆ ಅದನ್ನು ಬಿಡುವುದೇ ಮೇಲು. ಡಿರಾಕ್‌ನಲ್ಲಿ ಇದಕ್ಕೆ ನಕ್ಷೆಯ ಮೇಲೆ ಎಳೆದು ಮಿತಿ ಗುರುತಿಸುವ ‘ಪರದೆ’ಗಳಿವೆ, ಆಡಿಸ್ಸಿಯಲ್ಲಿ ಮೊಬೈಲ್ ಆ್ಯಪ್ ಮೂಲಕ ಮಿತಿ ಹಾಕಬಹುದು.

ಕೋಣೆಯ ಮಧ್ಯೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ‘ಟ್ರ್‌ರ್’ ಎಂಬ ಲೋಹದ ಬಾಲ ಕೇಳಿಸಿದರೆ ಎದುರುಬದುರು ಬರಿಗೋಡೆಗಳ ನಡುವೆ ಶಬ್ದ ಚೆಂಡಾಡುತ್ತಿದೆ. ಟೈಲ್ಸ್, ಗ್ರಾನೈಟ್, ರೆಡ್ ಆಕ್ಸೈಡ್ ನೆಲದ ಮನೆಗಳಲ್ಲಿ ಇದು ಸಾಮಾನ್ಯ. ಯಾವ ಡಿಜಿಟಲ್ ಲೆಕ್ಕವೂ ಇದನ್ನು ನಿಲ್ಲಿಸಲಾರದು. ಸ್ಪೀಕರ್ ಮತ್ತು ಕುರ್ಚಿಯ ನಡುವೆ ಹಾಸಿದ ಒಂದು ದಪ್ಪ ಜಮಖಾನ, ಪಕ್ಕದ ಗೋಡೆಗೆ ಒಂದು ತುಂಬಿದ ಪುಸ್ತಕದ ಕಪಾಟು ನಿಲ್ಲಿಸುತ್ತವೆ.

ಲಕ್ಷಣ: ಗಾಯಕ ನಡುವೆ ನಿಲ್ಲುವುದಿಲ್ಲ, ಹಿಂದಿನ ಸ್ಪೀಕರುಗಳು ಮುನ್ನುಗ್ಗುತ್ತವೆ

ರಿಸೀವರ್ ತೋರಿಸುವ ದೂರ ಮತ್ತು ಮಟ್ಟಗಳ ಪಟ್ಟಿಯನ್ನು ಕಾಗದದ ಮೇಲೆ ಬರೆದುಕೊಂಡು ಟೇಪಿನ ಅಳತೆಯೊಂದಿಗೆ ಹೋಲಿಸಿ. ಸಬ್‌ವೂಫರನ್ನು ಬಿಟ್ಟು ಉಳಿದ ಸ್ಪೀಕರುಗಳು ಅರ್ಧ ಅಡಿಯ ಒಳಗೆ ಹೊಂದಬೇಕು. ನನ್ನ ಮನೆಯಲ್ಲಿ ಒಮ್ಮೆ ಎಡ ಹಿಂಬದಿಯ ಸ್ಪೀಕರಿಗೆ ಬಲದ್ದಕ್ಕಿಂತ 6 ಡೆಸಿಬೆಲ್ ಹೆಚ್ಚಿನ ಮಟ್ಟ ಬಂದಿತ್ತು. ಎರಡು ದಿನ ತಂತಿ, ಟರ್ಮಿನಲ್ಲು ಎಲ್ಲ ಪರೀಕ್ಷಿಸಿದ ಮೇಲೆ ಗೊತ್ತಾದದ್ದು, ಅಳತೆಯ ದಿನ ಆ ಸ್ಪೀಕರಿನ ಮುಂದೆ ಒಣಗಲು ಹಾಕಿದ್ದ ಕಂಬಳಿ ಇಳಿಬಿದ್ದಿತ್ತು ಎಂಬುದು. ಬಹಳಷ್ಟು ವ್ಯವಸ್ಥೆಗಳು ದೂರವನ್ನು ಮೈಕಿನ ಮೊದಲ ಸ್ಥಾನದಿಂದಲೇ ನಿರ್ಧರಿಸುತ್ತವೆ, ಹಾಗಾಗಿ ಮೊದಲ ಸ್ಥಾನ ನಿಮ್ಮ ತಲೆ ಇರುವ ಜಾಗವೇ ಆಗಿರಬೇಕು; ಉಳಿದವು ಅದರ ಸುತ್ತ ಎರಡು ಅಡಿಯೊಳಗೆ ಇದ್ದರೆ ಸಾಕು, ಇಡೀ ಹಾಲನ್ನು ಸುತ್ತಬೇಕಿಲ್ಲ.

ಬಹುವಾಹಿನಿ ಸಂಗೀತವನ್ನು ಸಾಮಾನ್ಯವಾಗಿ ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಶಿಫಾರಸು ಮಾಡಿದ ವೃತ್ತಾಕಾರದ ಜೋಡಣೆಯನ್ನು ಮನಸ್ಸಿನಲ್ಲಿಟ್ಟು ಬೆರೆಸಿರುತ್ತಾರೆ: ಮುಂದಿನೆರಡು ಸ್ಪೀಕರುಗಳು ನಡುಗೆರೆಯಿಂದ 30 ಡಿಗ್ರಿ, ಹಿಂದಿನೆರಡು 100ರಿಂದ 120 ಡಿಗ್ರಿ. ಸಿನಿಮಾಕ್ಕೆಂದು ಹಿಂಗೋಡೆಯ ಮೇಲೆ ಎತ್ತರದಲ್ಲಿ ನೇತುಹಾಕಿದ ಸ್ಪೀಕರುಗಳಿಂದ ವಾದ್ಯವೃಂದದ ಸುತ್ತುವರಿದ ಅನುಭವ ಬರದಿದ್ದರೆ ಅದು ಅಳತೆಯ ತಪ್ಪಲ್ಲ. ತಿದ್ದುಪಡಿ ಸ್ಪೀಕರಿನ ಸ್ವರವನ್ನು ಬದಲಿಸೀತೇ ಹೊರತು ದಿಕ್ಕನ್ನಲ್ಲ.

ಕಡಿಮೆ ವಾಲ್ಯೂಮಿನಲ್ಲಿ ಮಾತ್ರ ಹಿಂಬದಿ ಜೋರಾದರೆ ಆಡಿಸ್ಸಿಯ ‘ಡೈನಾಮಿಕ್ ಈಕ್ಯೂ’ ಕಾರಣ. ಅದು ಸಿನಿಮಾದ ಮಟ್ಟವನ್ನು ಆಧಾರವಾಗಿಟ್ಟುಕೊಂಡು ವಾಲ್ಯೂಮ್ ಇಳಿದಂತೆ ಬಾಸನ್ನೂ ಹಿಂಬದಿಯನ್ನೂ ಎತ್ತುತ್ತದೆ. ಸಂಗೀತಕ್ಕೆ ಅದನ್ನು ಆಫ್ ಮಾಡಿ, ಇಲ್ಲವೆ ಆಫ್‌ಸೆಟ್ಟನ್ನು 10 ಅಥವಾ 15ಕ್ಕೆ ಇಡಿ.

ಕಂಪ್ಯೂಟರಿನ ಬಳಕೆದಾರರಿಗೆ ಇನ್ನೊಂದು ಬಲೆ ಇದೆ. ವೇವ್ ಕಡತಗಳಲ್ಲಿ ವಾಹಿನಿಗಳ ಕ್ರಮ ಎಡ, ಬಲ, ನಡು, ಎಲ್‌ಎಫ್‌ಇ, ಹಿಂದಿನ ಎಡ, ಹಿಂದಿನ ಬಲ ಎಂದಿದ್ದರೆ, ಲಿನಕ್ಸ್‌ನ ಆಲ್ಸಾ ವ್ಯವಸ್ಥೆಯಲ್ಲಿ ಹಿಂದಿನೆರಡು ಮೊದಲು ಬಂದು ನಡು ಮತ್ತು ಎಲ್‌ಎಫ್‌ಇ ಕೊನೆಗೆ ಬರುತ್ತವೆ. ಕ್ರಮ ತಪ್ಪಿದರೆ ಗಾಯಕ ಬೆನ್ನಹಿಂದೆ ಹಾಡುತ್ತಾನೆ. ಹೊಸ ಫಿಲ್ಟರ್ ಹಾಕಿದಾಗಲೆಲ್ಲ ಒಂದೊಂದೇ ವಾಹಿನಿಯ ಹೆಸರು ಹೇಳುವ ಪರೀಕ್ಷಾ ಕಡತವನ್ನು ಸಣ್ಣ ವಾಲ್ಯೂಮಿನಲ್ಲಿ ನುಡಿಸಿ ನೋಡುವುದು ಒಳ್ಳೆಯ ಅಭ್ಯಾಸ.

ಲಕ್ಷಣ: ಜೋರಾದ ಕಡೆ ಧ್ವನಿ ಒಡೆಯುತ್ತದೆ, ಪೆಟ್ಟು ಬೀಳುವ ಮುಂಚೆಯೇ ನೆರಳು ಕೇಳಿಸುತ್ತದೆ

ಫಿಲ್ಟರ್ ಎಲ್ಲಾದರೂ 6 ಡೆಸಿಬೆಲ್ ಏರಿಸಿದ್ದರೆ ಮೂಲಧ್ವನಿಯನ್ನು ಅಷ್ಟೇ ತಗ್ಗಿಸಿ ಒಳಬಿಡಬೇಕು, ಇಲ್ಲದಿದ್ದರೆ ಡಿಜಿಟಲ್ ಮಿತಿ ಮೀರಿ ಅಲೆಯ ತಲೆ ಕತ್ತರಿಸಿಹೋಗುತ್ತದೆ. ಪ್ರಿಆಂಪ್ ಮಟ್ಟವನ್ನು ಮೈನಸ್ 6ಕ್ಕೋ 8ಕ್ಕೋ ಇಳಿಸಿದಾಗ ಒಡಕು ನಿಂತರೆ ದೋಷ ಅದೇ. ನಿಲ್ಲದಿದ್ದರೆ ಆಂಪ್ಲಿಫೈಯರಿಗೆ ಸಾಮರ್ಥ್ಯ ಸಾಲುತ್ತಿಲ್ಲ. ವಾಲ್ಯೂಮ್ ಇಳಿಸಿ, ಏಕೆಂದರೆ ಒಡೆದ ಧ್ವನಿ ಟ್ವೀಟರಿಗೆ ಮಾರಕ.

ಮೃದಂಗದ ಪೆಟ್ಟಿಗೆ ಕ್ಷಣಮಾತ್ರ ಮುಂಚೆ ಅದರದೇ ‘ಊ’ ಎಂಬ ನೆರಳು ಕೇಳಿಸಿದರೆ ಲೀನಿಯರ್ ಫೇಸ್ (ಎಲ್ಲ ಸ್ವರಗಳನ್ನೂ ಸಮಾನವಾಗಿ ತಡಮಾಡುವ ಬಗೆಯ) ಫಿಲ್ಟರ್ ಅತಿಯಾಗಿ ತಿದ್ದಲು ಹೊರಟಿದೆ. ತಿದ್ದುಪಡಿಯ ತೀವ್ರತೆಯನ್ನು ತಗ್ಗಿಸಿ ಅಥವಾ ಆದಷ್ಟು ಕಡಿಮೆ ತಡಮಾಡುವ ಮಿನಿಮಮ್ ಫೇಸ್ ಆಯ್ಕೆಗೆ ಬನ್ನಿ. ಕಛೇರಿಯ ವೀಡಿಯೊ ನೋಡುವಾಗ ತುಟಿಗೂ ಹಾಡಿಗೂ ತಾಳೆಯಾಗದಿದ್ದರೂ ಕಾರಣ ಇದೇ: 65,536 ಬಿಂದುಗಳ ಇಂಥ ಫಿಲ್ಟರ್ 44,100 ದರದಲ್ಲಿ ಧ್ವನಿಯನ್ನು ಸುಮಾರು ಮುಕ್ಕಾಲು ಸೆಕೆಂಡ್ ತಡಮಾಡುತ್ತದೆ.

ಲಕ್ಷಣ: ಹಾಡು ನಿಂತಾಗ ಸಣ್ಣಗೆ ಗುಂ ಎನ್ನುತ್ತದೆ

ನಮ್ಮ ವಿದ್ಯುತ್ತು 50 ಹರ್ಟ್ಜ್‌ನದು, ಆದ್ದರಿಂದ ಗುಂಗುಡುವಿಕೆ 50 ಅಥವಾ 100 ಹರ್ಟ್ಜ್‌ನಲ್ಲಿರುತ್ತದೆ. ಅಳತೆಯ ಹೊತ್ತಿಗೂ ಇದು ಇದ್ದರೆ ಬಾಸ್‌ನ ಲೆಕ್ಕವೂ ಕೆಟ್ಟಿರುತ್ತದೆ. ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿ ನೋಡಿ, ನಂತರ ಕೇಬಲ್ ಟಿವಿ ಅಥವಾ ಡಿಶ್‌ನ ತಂತಿಯನ್ನು ಸೆಟ್‌ಟಾಪ್ ಬಾಕ್ಸಿನಿಂದ ಬಿಚ್ಚಿ. ಸದ್ದು ನಿಂತರೆ ಆ ತಂತಿಯ ಮೂಲಕ ಎರಡನೆಯ ಅರ್ಥಿಂಗ್ ಒಳಬರುತ್ತಿದೆ. ರಿಸೀವರ್, ಸಬ್‌ವೂಫರ್, ಟಿವಿ ಮೂರನ್ನೂ ಗೋಡೆಯ ಒಂದೇ ಸಾಕೆಟ್ಟಿನಿಂದ ಬಂದ ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡಿಗೆ ಸೇರಿಸುವುದರಿಂದಲೂ ಹಲವು ಬಾರಿ ಗುಣವಾಗುತ್ತದೆ. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ನಡೆಯುವಾಗ ಮಾತ್ರ ಕರಕರ ಎಂದರೆ ಅದು ಇನ್ವರ್ಟರಿನ ಅಲೆಯ ಆಕಾರದ ತೊಂದರೆ. ಆ ಹೊತ್ತಿನಲ್ಲಿ ಅಳತೆ ಮಾಡಬೇಡಿ.

ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ಪಿನ್ ಮುರಿದರೆ ಗುಂ ನಿಲ್ಲುತ್ತದೆ ಎಂದು ಹೇಳುವವರ ಮಾತು ಕೇಳಬೇಡಿ. ಸದ್ದು ನಿಂತೀತು, ಆದರೆ ಒಳಗೆ ಒಂದು ತಂತಿ ಜಾರಿದ ದಿನ 230 ವೋಲ್ಟ್ ರಿಸೀವರಿನ ಲೋಹದ ಮೈಗೆ ಬಂದು ಕೂರುತ್ತದೆ. ಉಪಕರಣ ಮುಟ್ಟಿದಾಗ ಜುಮ್ಮೆನ್ನುತ್ತಿದ್ದರೆ ಸಂಗೀತದ ವಿಚಾರ ಬದಿಗಿಟ್ಟು, ಮೇನ್ ಸ್ವಿಚ್ ಆಫ್ ಮಾಡಿ, ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ರಿಂದ ಅರ್ಥಿಂಗ್ ಪರೀಕ್ಷಿಸಿಸಿ.

ಲಕ್ಷಣ: ಎಲ್ಲ ನೋಡಿಯೂ ಏನೋ ಸರಿಯಿಲ್ಲ

ಆಗ ಸ್ವಂತ ಅಳತೆಯೇ ದಾರಿ. ಆರ್‌ಇಡಬ್ಲ್ಯೂ ಎಂಬ ಉಚಿತ ತಂತ್ರಾಂಶ ಮತ್ತು ಒಂದು ಯುಎಸ್‌ಬಿ ಅಳತೆ ಮೈಕ್ ಸಾಕು. ತಿದ್ದುಪಡಿ ಆಫ್ ಇದ್ದಾಗ, ಆನ್ ಇದ್ದಾಗ, ಒಂದೊಂದೇ ಸ್ಪೀಕರನ್ನು ಮೈಕ್ ಕದಲಿಸದೆ ಅಳೆಯಿರಿ. ನಂತರ ಸಬ್‌ವೂಫರ್ ಮತ್ತು ಎಡ ಸ್ಪೀಕರನ್ನು ಒಟ್ಟಿಗೆ ಅಳೆಯಿರಿ. ಒಟ್ಟಿಗೆ ನುಡಿಸಿದಾಗ 80 ಹರ್ಟ್ಜ್ ಬಳಿ ಮಟ್ಟ ಏರುವ ಬದಲು ಕುಸಿದರೆ ಸಬ್‌ವೂಫರಿನ ದೂರವನ್ನು ಒಂದೊಂದು ಅಡಿಯಂತೆ ಬದಲಿಸುತ್ತಾ ಕುಸಿತ ತುಂಬುವ ಸ್ಥಾನವನ್ನು ಹುಡುಕಿ. ಒಂದೇ ಜಾಗದ ಅಳತೆಯಲ್ಲಿ ಗೆರೆ ಅಂಕುಡೊಂಕಾಗಿ ಕಂಡರೆ ಹೌಹಾರಬೇಡಿ. ಹಲವು ಸ್ಥಾನಗಳ ಸರಾಸರಿಗೆ ತಯಾರಾದ ತಿದ್ದುಪಡಿ ಯಾವುದೇ ಒಂದು ಬಿಂದುವಿನಲ್ಲಿ ಸಪಾಟಾಗಿ ಕಾಣುವುದಿಲ್ಲ. ಆರೇಳು ಸ್ಥಾನಗಳಲ್ಲಿ ಅಳೆದು ಸರಾಸರಿ ತೆಗೆದು ನೋಡಿ.

ತಿದ್ದುಪಡಿ ಆಫ್ ಇದ್ದಾಗಲೂ ಜೋಡಿಯ ಎರಡು ಸ್ಪೀಕರುಗಳನ್ನು ಒಂದೇ ಜಾಗದಲ್ಲಿ, ಒಂದೇ ತಂತಿಯಿಂದ, ಒಂದು ಮೀಟರ್ ದೂರದಿಂದ ಅಳೆದಾಗ 500 ಹರ್ಟ್ಜ್‌ನ ಮೇಲೆ ಅವು ಎದ್ದುಕಾಣುವಷ್ಟು ಬೇರೆಯಾಗಿದ್ದರೆ ಡ್ರೈವರ್ ಅಥವಾ ಒಳಗಿನ ಕ್ರಾಸ್‌ಓವರ್ ಕೆಟ್ಟಿದೆ. ಮನೆಯ ಕೆಲಸ ಅಲ್ಲಿಗೆ ಮುಗಿಯಿತು. ಸರ್ವಿಸ್ ಸೆಂಟರಿಗೆ ಒಯ್ಯುವಾಗ ಎರಡೂ ಅಳತೆಗಳ ಚಿತ್ರ, ಬಳಸಿದ ವಾಲ್ಯೂಮ್ ಮಟ್ಟ, ರಿಸೀವರಿನ ಫರ್ಮ್‌ವೇರ್ ಆವೃತ್ತಿ ಮತ್ತು ತೊಂದರೆ ಮೊದಲು ಕೇಳಿಸಿದ ದಿನವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಇಲ್ಲದಿದ್ದರೆ ಅಲ್ಲಿನ ಅಂಗಡಿಯ ಗದ್ದಲದಲ್ಲಿ ಹಾಡೊಂದನ್ನು ಹಾಕಿ ‘ಚೆನ್ನಾಗೇ ಇದೆಯಲ್ಲ ಸಾರ್’ ಎಂದು ಹಿಂದಿರುಗಿಸಿಬಿಡುತ್ತಾರೆ.